ಪಾರ್ವತೆಮ್ಮನ ಗುಂಪಿನ ಬಾಟಲಿಗಳು

"ನಿಜ ಹೇಳ್ರಿ ಅಕ್ಕ. ಆ ಬಾಟ್ಲಿ ಎಲ್ಲಾರೂ ತಮ್ಮ ತಮ್ಮದು ತಾವಽ ತುಂಬಿ ಕೊಟ್ಟಿದ್ರೋ ಇಲ್ಲೋ?"

ಪಾರ್ವತೆಮ್ಮನ ಬಾಯಲ್ಲಿ ರೊಟ್ಟಿ ಇತ್ತು. ಅದನ್ನು ಬೇಕೆಂತಲೇ ನಿಧಾನವಾಗಿ ಅಗಿದಳು. ಅಗಿಯುತ್ತ ಪಕ್ಕದ ಪೀರ್‌ಬೀಯ ಮುಖ ನೋಡಿದಳು. ಪೀರ್‌ಬೀ ಪುಂಡಿಪಲ್ಯದ ಡಬ್ಬಿಯೊಳಗೆ ಏನೋ ಕಳೆದುಹೋಗಿದೆ ಎನ್ನುವ ಹಾಗೆ ಬಗ್ಗಿ ಕೂತಳು. ಬದುವಿನ ಮೇಲೆ ಊಟಕ್ಕೆ ಕೂತಿದ್ದ ನಾಟಿಯ ಹೆಂಗಸರೆಲ್ಲ ಒಮ್ಮೆಲೇ ಸುಮ್ಮನಾದರು. ಹತ್ತು ಹನ್ನೆರಡು ಹೆಂಗಸರು ಕೂತಲ್ಲಿ ಮಾತು ನಿಂತಿತೆಂದರೆ ಅಲ್ಲೇನೋ ಇದೆ ಎಂದೇ ಅರ್ಥ. ಅದನ್ನು ತಿಳಿಯಲು ಡಾಕ್ಟರಿಕೆ ಓದಬೇಕಾಗಿಲ್ಲ.

ಪ್ರಶ್ನೆ ಕೇಳಿದ ಅತೀಯಾ ಅದನ್ನೂ ಓದಿದ್ದಳು. ರಾಯಚೂರಿನ ಒಂದು ಮೆಡಿಕಲ್ ಕಾಲೇಜಿನ ಹೆರಿಗೆ ವಿಭಾಗದಲ್ಲಿ ಅವಳ ಕೆಲಸ. ಅದರ ಜೊತೆಗೆ ಮೂರು ವರ್ಷದಿಂದ ಒಂದು ಸಂಶೋಧನೆಯನ್ನು ತಲೆಗೆ ಕಟ್ಟಿಕೊಂಡಿದ್ದಳು. ಕಾಲುವೆ ಸೀಮೆಯ ನೆಲ್ಲಿನ ಗದ್ದೆಗಳಲ್ಲಿ ದುಡಿಯುವ ಹೆಂಗಸರಿಗೆ ಬಸಿರು ಯಾಕೆ ನಿಲ್ಲುವುದಿಲ್ಲ, ಅದಕ್ಕೂ ಗದ್ದೆಗೆ ಹಾಕುವ ಕೀಟನಾಶಕಕ್ಕೂ ಸಂಬಂಧವಿದೆಯೇ ಎನ್ನುವುದು ವಿಷಯ. ಸಿಂಧನೂರಿನ ಸುತ್ತ ನಾಟಿಗೆ ಬರುವ ಗುಂಪುಗಳನ್ನು ಹುಡುಕಿ, ಹೆಂಗಸರನ್ನು ಮಾತಾಡಿಸಿ, ಅವರ ಮೂತ್ರ ತಂದು ಪರೀಕ್ಷೆಗೆ ಕಳಿಸಿದ್ದಳು. ಪಾಮನಕಲ್ಲೂರಿನಿಂದ ದಿನಾ ಟೆಂಪೋದಲ್ಲಿ ಬರುವ ಪಾರ್ವತೆಮ್ಮನ ಗುಂಪಿನ ಬಾಟಲಿಗಳಲ್ಲಿ ವಿಷ ಎಲ್ಲರಿಗಿಂತ ಹೆಚ್ಚು ಸಿಕ್ಕಿತ್ತು. ಒಂದರಲ್ಲಲ್ಲ, ಅಷ್ಟರಲ್ಲೂ. ಅವಳ ಪ್ರಬಂಧ ನಿಂತಿದ್ದೇ ಆ ಬಾಟಲಿಗಳ ಮೇಲೆ.

ನಿನ್ನೆ ಸಂಜೆ ಅವಳ ಗೈಡ್ ಮೇಡಂ ಫೋನ್ ಮಾಡಿದ್ದರು. ಪ್ರಬಂಧ ಕಳಿಸಿದ ಪತ್ರಿಕೆಯ ತಜ್ಞರು ಒಂದೇ ಒಂದು ಪ್ರಶ್ನೆ ಕೇಳಿದ್ದರಂತೆ. ಬೇರೆ ಗುಂಪುಗಳಲ್ಲಿ ಒಬ್ಬರದು ಹೆಚ್ಚು ಒಬ್ಬರದು ಕಡಿಮೆ ಇದೆ, ಈ ಗುಂಪಿನಲ್ಲಿ ಮಾತ್ರ ವಿಷವೂ ಒಂದೇ, ಮೂತ್ರದ ಗಟ್ಟಿತನವೂ ಒಂದೇ, ಇದು ಹೇಗೆ? ಒಂದೇ ತಾಯಿಯ ಅವಳಿ ಮಕ್ಕಳಲ್ಲೂ ಹೀಗಿರುವುದಿಲ್ಲ. ಅತೀಯಾಳಿಗೆ ಇದು ಹೊಸದಲ್ಲ. ಹೋದ ವರ್ಷ ಫಲಿತಾಂಶ ಬಂದಾಗಲೇ ಕಂಡಿತ್ತು. ಒಂದೇ ಗದ್ದೆ, ಒಂದೇ ನೀರು, ಒಂದೇ ಬಿಸಿಲು, ಹಾಗಾಗಿ ಒಂದೇ ಥರ ಬಂದಿದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಖುಷಿಪಟ್ಟಿದ್ದಳು. ಬೇಕಾದದ್ದು ತಾನಾಗಿ ಮನೆ ಬಾಗಿಲಿಗೆ ಬಂದರೆ ಯಾವೂರು ಎಂದು ಯಾರು ಕೇಳುತ್ತಾರೆ? ರಾತ್ರಿಯೆಲ್ಲ ನಿದ್ದೆಯಿಲ್ಲದೆ ಹೊರಳಾಡಿ, ಬೆಳಗ್ಗೆ ಮಸ್ಕಿಯ ತವರುಮನೆಯಿಂದ ಸ್ಕೂಟಿ ತೆಗೆದುಕೊಂಡು ನೇರ ಗದ್ದೆಗೇ ಬಂದಿದ್ದಳು.

ಪಾರ್ವತೆಮ್ಮ ರೊಟ್ಟಿ ನುಂಗಿ ನೀರು ಕುಡಿದಳು.

"ನೀ ಬಳಿಗಾರ ಶಾಮೀದಸಾಬನ ಮಗಳು," ಎಂದಳು. "ನಿಮ್ಮಪ್ಪ ನಮ್ಮ ಓಣ್ಯಾಗ ಎಲ್ಲಾರ ಕೈ ಹಿಡದು ಬಳಿ ಇಡಿಸ್ಯಾನ. ನನ್ನ ಮದುವಿ ಬಳಿ ಆತಂದಽ, ನನ್ನ ಮಗಳ ಕುಬಸದ ಬಳಿನೂ ಆತಂದಽ. ಅಂಥಾತನ ಮಗಳು ಬಂದು, ಅಕ್ಕ ಇದನ್ನ ತುಂಬಿ ಕೊಡ್ರಿ ಅಂತ ಬಾಟ್ಲಿ ಕೈಯಾಗ ಇಟ್ರ, ಇಲ್ಲ ಅನ್ನಾಕ ಮುಖ ಬರತೈತೇನು ನಮಗ?"

"ಇಲ್ಲ ಅನ್ನಲಿಲ್ಲ. ಹಂಗಾರ ಕೊಟ್ರಿ?"

"ಕೊಟ್ವಿ."

"ನಿಮ್ಮದಽ ಕೊಟ್ರಿ?"

ಪಾರ್ವತೆಮ್ಮ ಮತ್ತೆ ಪೀರ್‌ಬೀಯ ಕಡೆ ನೋಡಿದಳು. ಈ ಸಲ ಪೀರ್‌ಬೀಗೆ ತಪ್ಪಿಸಿಕೊಳ್ಳಲು ಆಗಲಿಲ್ಲ.

"ನಿನ್ನ ಮ್ಯಾಲ ಶಕ್ ಇಲ್ಲ ಬೇಟಿ," ಎಂದಳು ಪೀರ್‌ಬೀ. "ಆದ್ರ ಅದು ನಿನ್ನ ಕೈಯಾಗಽ ಇರತೈತೇನು? ರಾಯಚೂರಿಗಿ ಹೋಗತೈತಿ, ಅಲ್ಲಿಂದ ಬೆಂಗಳೂರಿಗಿ ಹೋಗತೈತಿ ಅಂತ ನೀನಽ ಹೇಳಿದಿ. ಯಾರ್ಯಾರು ಮುಟ್ಟತಾರೋ. ಉಗುರು, ಕೂದಲು, ಮೈಯಾಂದು ಏನಿದ್ರೂ ಮಂದಿ ಕೈಗಿ ಕೊಡಬಾರದಂತ ನಮ್ಮ ಅಮ್ಮಾ ಹೇಳತಿದ್ಲು. ಮಾಟ ಮಾಡಿದ್ರ ಮೊದಲು ಹೊಟ್ಟಿಗಿ ಹತ್ತತೈತಿ. ಮಕ್ಕಳೊಂದಿಗರು ನಾವು."

"ಮತ್ತ ಬಾಟ್ಲ್ಯಾಗ ಇದ್ದದ್ದು ಯಾರದು?"

ಎಲ್ಲರ ಕಣ್ಣೂ ಗದ್ದೆಯಾಚೆಯ ಜಾಲಿ ಗಿಡದ ಕಡೆ ಹೋದವು. ಅಲ್ಲಿ ಅರ್ಧಕ್ಕೆ ಕೊಯ್ದ ನೀಲಿ ಡ್ರಮ್ಮಿನ ಮುಂದೆ ಒಬ್ಬ ಹೆಂಗಸು ಕುಕ್ಕರುಗಾಲಿನಲ್ಲಿ ಕೂತು ಸಸಿಯ ಕಟ್ಟುಗಳನ್ನು ಅದ್ದಿ ಅದ್ದಿ ಇಡುತ್ತಿದ್ದಳು. ಅತೀಯಾ ಎದ್ದಳು. ಮೂರು ವರ್ಷದ ಓಡಾಟವೆಲ್ಲ ಕಾಲುವೆಯ ಪಾಲಾಯಿತು ಎನ್ನುವುದು ಗೊತ್ತಾಗಿತ್ತು. ಈ ಹೆಂಗಸರ ಮೇಲೆ ಸಿಟ್ಟೂ ಬಂದಿತ್ತು. ಒಂದು ಮಾತು, ಒಲ್ಲೆ ಎನ್ನುವ ಒಂದೇ ಮಾತು ಆಡಿದ್ದರೆ ಸಾಕಿತ್ತು. ಮರ್ಯಾದೆಗೆ ಅಂಜಿ ಹೂಂ ಎನ್ನುವ ಜನ ಒಲ್ಲೆ ಎನ್ನುವವರಿಗಿಂತ ಕಷ್ಟ.

ಡ್ರಮ್ಮಿನ ಮುಂದಿದ್ದವಳು ಅಂಜಲಿ. ಇಪ್ಪತ್ತೈದರ ಆಸುಪಾಸಿನವಳು, ಗುಂಪಿನಲ್ಲಿ ನಗಿಸುವುದಕ್ಕೆ ಹೆಸರಾದವಳು. ಹೋದ ವರ್ಷ ಅತೀಯಾ ಪ್ರಶ್ನೆ ಕೇಳುವಾಗ ಬಾಕಿಯವರೆಲ್ಲ ತಲೆ ತಗ್ಗಿಸಿದರೆ ಇವಳೊಬ್ಬಳೇ ಮುಖ ಕೊಟ್ಟು ಮಾತಾಡಿದ್ದಳು. ಡ್ರಮ್ಮಿನಿಂದ ಮೂಗಿಗೆ ಅಡರುವ ವಾಸನೆ ಬರುತ್ತಿತ್ತು. ಕೀಟನಾಶಕಕ್ಕೆ ಈ ಕಡೆ ಎಣ್ಣಿ ಎಂದೇ ಹೆಸರು. ಸಸಿಯ ಬೇರನ್ನು ಎಣ್ಣಿ ಬೆರೆಸಿದ ನೀರಿನಲ್ಲಿ ಅದ್ದಿ ಹಚ್ಚಿದರೆ, ಅಂದರೆ ನೆಟ್ಟರೆ, ಹುಳ ಬೀಳುವುದಿಲ್ಲವೆಂದು ಗದ್ದೆಯ ಒಡೆಯ ಅಮರಗುಂಡಪ್ಪ ಬೆಳಗ್ಗೆಯೇ ಕಲಸಿಟ್ಟು ಹೋಗುತ್ತಿದ್ದ.

"ಬರ್ರಿ ಡಾಕ್ಟರಮ್ಮ," ಎಂದಳು ಅಂಜಲಿ. "ದೂರ ನಿಂದರ್ರಿ, ನಾರತೈತಿ. ಅದಕಽ ನಾ ಉಂಬೋದೂ ಬ್ಯಾರೆ."

"ಆ ಬಾಟ್ಲಿ ಎಲ್ಲಾ ನೀನಽ ತುಂಬಿದ್ಯಂತ. ಖರೇ ಏನು?"

"ಹೇಳೇಬಿಟ್ರಾ?" ಅಂಜಲಿ ನಕ್ಕಳು. "ನಸುಕಿನಾಗ ಎದ್ದು ಚರಿಗ್ಯಾಗ ಹಿಡದಿದ್ನ್ರಿ. ಎಲ್ಲಾರಿಗೂ ಸಮ ಹಂಚಿದ್ನಿ. ಪೀರ್‌ಬೀ ಬಾಟ್ಲಿಗಿ ಒಂಚೂರು ಹೆಚ್ಚಽ ಬಿತ್ತು. ಇರಲಿ ಬಿಡು, ಆಕಿ ಮೈಗಿ ತಕ್ಕಂಗ ಆತು ಅಂತ ಮುಚ್ಚಳ ಹಾಕಿದ್ನಿ."

ಅತೀಯಾಳಿಗೆ ನಗು ಬಂದುಬಿಟ್ಟಿತು. ನಗು ಮುಗಿಯುವಷ್ಟರಲ್ಲಿ ಕಣ್ಣು ತುಂಬಿಕೊಂಡವು. ಅಲ್ಲೇ ಬದುವಿನ ಮೇಲೆ ಕುಸಿದು ಕೂತಳು.

"ತಪ್ಪಾತೇನ್ರಿ?" ಎಂದು ಕೇಳಿದಳು ಅಂಜಲಿ.

"ನಿನಗ ಅಂಜಿಕಿ ಬರಲಿಲ್ಲೇನು? ಅವರೆಲ್ಲ ಅಂಜಿದ್ರಲ್ಲ?"

"ನಂದು ಕೆಡಾಕ ಏನಿತ್ರಿ ಆವಾಗ? ಎರಡು ಬಸಿರು ನಿಂತಂಗ ಮಾಡಿ ಇಳದಿದ್ದುವು. ಒಂದು ಮುಂಗಾರಿ ನಾಟ್ಯಾಗ, ಒಂದು ಬ್ಯಾಸಗಿ ನಾಟ್ಯಾಗ. ಎರಡನೇದಕ್ಕಂತೂ ಲಿಂಗಸುಗೂರು ದವಾಖಾನಿಗಿ ಹೊತಗೊಂಡು ಹೋಗಿದ್ರು. ನಿಮ್ಮ ಬಾಟ್ಲಿ ಬಂದಾಗ ಎಲ್ಲಾರೂ ಅಂದ್ರು, ಅಂಜಲಿ, ನಿನಗ ಹೋಗೋದೇನೈತಿ, ನೀ ಕೊಟ್ಟುಬಿಡು ಅಂತ. ನನಗೂ ಖರೇ ಅನಸ್ತು."

ಅವಳ ಮಾತಿನಲ್ಲಿ ಯಾರ ಮೇಲಿನ ಕಹಿಯೂ ಇರಲಿಲ್ಲ. ಮಳೆ ಬಂತು, ಬಿಸಿಲು ಬಂತು ಎನ್ನುವಂತೆ ಹೇಳಿ, ಮತ್ತೊಂದು ಕಟ್ಟನ್ನು ಎತ್ತಿ ಡ್ರಮ್ಮಿಗೆ ಅದ್ದಿದಳು. ಮೊಣಕೈವರೆಗೆ ಕೈ ಮುಳುಗಿತು. ಅತೀಯಾಳಿಗೆ ಆಗ ಆ ಕೈ ಕಂಡಿತು. ಅಷ್ಟು ಹೊತ್ತು ಎದುರಿಗೇ ಇತ್ತು, ಕಂಡಿರಲಿಲ್ಲ. ಹೋದ ವರ್ಷದ ಪ್ರಶ್ನೆಗಳಲ್ಲಿ ಗದ್ದೆಗೆ ಎಷ್ಟು ಸಲ ಎಣ್ಣಿ ಹೊಡೆಯುತ್ತಾರೆ, ಹೊಡೆದ ಮೇಲೆ ಎಂದು ಇಳಿಯುತ್ತೀರಿ ಎಂದೆಲ್ಲ ಕೇಳಿದ್ದಳು. ಡ್ರಮ್ಮಿಗೆ ಕೈ ಹಾಕುವವರು ಯಾರು ಎಂದು ಕೇಳಲು ಅವಳಿಗೆ ತೋಚಿರಲಿಲ್ಲ.

"ಈ ಕೆಲಸ ದಿನಾ ನೀನಽ ಮಾಡತೀ?"

"ಮದುವಿಯಾಗಿ ಬಂದಾಗಿನಿಂದ ನಾನಽ. ಬಾಕಿದವರೆಲ್ಲ ಕೂಸಿನ ತಾಯಂದ್ರು. ಈ ಕೈಲೆ ಕೂಸಿಗಿ ಹ್ಯಾಂಗ ಉಣಸ್ತಾರ್ರಿ? ಕೂಸಿಲ್ಲದಾಕಿ ನಾ ಒಬ್ಬಾಕಿಽ ಇದ್ನಿ, ನನ್ನ ಪಾಲಿಗಿ ಬಂತು. ಆಮ್ಯಾಲ ರೂಢಿ ಬಿತ್ತು."

ಕೂಸಿಲ್ಲದವಳು ಎಂದು ಡ್ರಮ್ಮಿನ ಮುಂದೆ ಕೂರಿಸಿದರು. ಡ್ರಮ್ಮಿನ ಮುಂದೆ ಕೂತವಳಿಗೆ ಬಸಿರು ನಿಲ್ಲಲಿಲ್ಲ. ನಿಲ್ಲಲಿಲ್ಲವೆಂದು ಅಲ್ಲೇ ಉಳಿಸಿದರು. ಯಾರೂ ಕೆಟ್ಟವರಲ್ಲ, ಒಬ್ಬರ ಹೊಟ್ಟೆಯ ಮೇಲೂ ಒಬ್ಬರಿಗೆ ಹೊಟ್ಟೆಕಿಚ್ಚಿಲ್ಲ. ಅತೀಯಾ ಚೀಲದಿಂದ ಒಂದು ಖಾಲಿ ಬಾಟಲಿ ತೆಗೆದಳು.

"ಅಂಜಲಿ, ನಂಗೊಂದು ಬೇಕವ್ವ. ಯಾರ ಹೆಸರಿನಾಗೂ ಅಲ್ಲ, ನಿನ್ನ ಹೆಸರಿನಾಗ. ನಿನ್ನ ಮೈಯಾಗ ಈಗ ಎಷ್ಟೈತಿ ಅಂತ ನೋಡಬೇಕು."

ಅಂಜಲಿಯ ನಗು ನಿಂತಿತು. ಕೂತಲ್ಲಿಂದಲೇ ಒಂದು ಗೇಣು ಹಿಂದೆ ಸರಿದಳು.

"ಈ ಸಲ ಆಗಂಗಿಲ್ರಿ."

"ಯಾಕ? ಆವಾಗ ಊರಿನೋರದೆಲ್ಲ ನೀನಽ ಕೊಟ್ಟೀದಿ."

ಅಂಜಲಿ ಊಟದ ಗುಂಪಿನ ಕಡೆ ನೋಡಿದಳು. ಆಮೇಲೆ ಒದ್ದೆ ಮುಂಗೈಯನ್ನು ಹೊಟ್ಟೆಗೆ ಒತ್ತಿಕೊಂಡು, ತುಟಿ ಅಲುಗದಂತೆ ಹೇಳಿದಳು.

"ಈಗ ನನಗೂ ಹೋಗೋದು ಐತ್ರಿ."

ಗಾಳಿ ಇರಲಿಲ್ಲ. ಕಾಲುವೆಯಾಚೆ ಯಾವುದೋ ರೈಸ್ ಮಿಲ್ಲಿನ ಸದ್ದು ಒಂದೇ ಸಮ ಕೇಳುತ್ತಿತ್ತು.

"ಎಷ್ಟು ತಿಂಗಳು?"

"ನಾಕು ತುಂಬಾಕ ಬಂತು. ಯಾರಿಗೂ ಗೊತ್ತಿಲ್ಲ, ಮನ್ಯಾಗ ಆತಗ ಒಬ್ಬಾತಗ ಬಿಟ್ರ. ಹ್ವಾದ ಎರಡು ಸಲ ಖುಷೀಲೆ ಊರಿಗೆಲ್ಲ ಹೇಳಿದ್ನಿ. ಕಣ್ಣು ಬಿತ್ತು. ಈ ಸಲ ಐದು ತುಂಬೂತನ ಬಾಯಿ ಬಿಡಂಗಿಲ್ಲ ಅಂತ ಹುಲಿಗೆಮ್ಮಗ ಬೇಡಿಕೊಂಡೀನಿ. ನೀವೂ ಯಾರ ಮುಂದೂ ಅನಬ್ಯಾಡ್ರಿ, ನಿಮ್ಮ ಕಾಲಿಗಿ ಬೀಳತೀನಿ."

"ಅನ್ನಂಗಿಲ್ಲ. ಆದ್ರ ನೀ ಮೊದಲು ಆ ಡ್ರಮ್ಮಿನಿಂದ ದೂರ ಬಾ. ಆ ಬಾಟ್ಲ್ಯಾಗೆಲ್ಲ ಈ ಎಣ್ಣಿನಽ ಸಿಕ್ಕಿತ್ತು. ಎಲ್ಲಾರ ಮೈಯಾಗೂ ಐತಿ ಅಂತ ತಿಳದಿದ್ನಿ. ಅಷ್ಟೂ ನಿನ್ನ ಒಬ್ಬಾಕಿ ಮೈಯಾಂದು."

ಅಂಜಲಿ ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು. ನೀರು ಬೆರಳಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು.

"ಅದರಿಂದನಽ ಹ್ವಾದುವೇನ್ರಿ ಆ ಎರಡೂ?"

ನಿನ್ನೆ ಸಂಜೆಯವರೆಗೆ ಅತೀಯಾ ಈ ಪ್ರಶ್ನೆಗೆ ಹೌದು ಎನ್ನಬಲ್ಲವಳಾಗಿದ್ದಳು. ಅದನ್ನೇ ಹತ್ತಾರು ಪುಟ ಬರೆದು ದೇಶದಾಚೆ ಕಳಿಸಿದ್ದಳು. ಈಗ ಅವಳ ಕೈಯಲ್ಲಿ ಉಳಿದದ್ದು ಒಬ್ಬ ಹೆಂಗಸಿನ ಒಂದು ಚರಿಗೆ ಮೂತ್ರದ ಲೆಕ್ಕ. ಅದರಿಂದ ಏನನ್ನೂ ಸಾಧಿಸಿ ತೋರಿಸಲು ಬರುವುದಿಲ್ಲವೆಂದು ಅವಳೇ ಹುಡುಗರಿಗೆ ಪಾಠ ಮಾಡುತ್ತಾಳೆ. ಹೌದು ಎಂದುಬಿಟ್ಟರೆ ಈ ಹುಡುಗಿ ಈಗಲೇ ಏಳುತ್ತಾಳೆ. ಆದರೆ ಹೌದು ಎಂದರೆ ಹೋದ ಎರಡನ್ನೂ ತಾನೇ ಕೈಯಾರೆ ಕೊಂದೆ ಎಂದು ಬದುಕಿಡೀ ಹೊತ್ತುಕೊಂಡು ತಿರುಗುತ್ತಾಳೆ. ಅದೂ ಖಾತ್ರಿಯಿಲ್ಲದ ಮಾತಿಗೆ.

"ಖರೇ ಹೇಳಬೇಕಂದ್ರ ನನಗ ಗೊತ್ತಿಲ್ಲವ್ವ," ಎಂದಳು. "ಇದ್ದರೂ ಇರಬೌದು. ಇದು ಹೊಟ್ಟ್ಯಾಗಿನ ಕೂಸಿಗಿ ಚಲೋ ಅಲ್ಲ, ಅಷ್ಟು ಮಾತ್ರ ಗೊತ್ತು."

"ಡಾಕ್ಟರಿಗಽ ಗೊತ್ತಿಲ್ಲಂದ್ರ ನಾ ಯಾರಿಗಿ ಏನ್ ಹೇಳಿ ಏಳಲಿ?" ಅಂಜಲಿಯ ದನಿ ಒಡೆಯಿತು. "ಡ್ರಮ್ ಬಿಟ್ಟು ಎದ್ರ ಯಾಕಬೇ ಅಂತ ಕೇಳತಾರ. ಕೇಳಿದ್ರ ಗೊತ್ತಾಗತೈತಿ. ಗೊತ್ತಾದ್ರ ಎಲ್ಲಾರ ಕಣ್ಣೂ ಇಲ್ಲೇ ಇರತಾವು. ಎಣ್ಣಿಗಿ ಅಂಜಲೋ, ಕಣ್ಣಿಗಿ ಅಂಜಲೋ?"

ಅತೀಯಾಳ ಫೋನ್ ಹೊಡೆದುಕೊಂಡಿತು. ಮೇಡಂ.

"ಏನಾಯ್ತು ಅತೀಯಾ? ಅವರಿಗೆ ಉತ್ತರ ಬರೀಬೇಕು. ಒಂದೇ ಥರ ಇರೋದಕ್ಕೆ ಕಾರಣ ಸಿಕ್ತಾ?"

"ಸಿಕ್ತು ಮೇಡಂ. ಎಲ್ಲ ಬಾಟಲಿ ಒಬ್ಬರೇ ತುಂಬಿದ್ದು. ಆ ಗುಂಪನ್ನ ಪೂರ್ತಿ ತೆಗೀಬೇಕು."



"ತೆಗೆದರೆ ಪೇಪರಿನಲ್ಲಿ ಏನು ಉಳೀತದೆ ಅಂತ ಯೋಚನೆ ಮಾಡಿದೀಯಾ?"

"ಏನೂ ಉಳಿಯೋದಿಲ್ಲ ಮೇಡಂ," ಎಂದು ಅತೀಯಾ ಫೋನ್ ಇಟ್ಟಳು. ಮೂರು ವರ್ಷವೆಂದರೆ ಸುಮ್ಮನೆಯೇ?

ಅಷ್ಟರಲ್ಲಿ ಆಚೆ ಬದುವಿನಿಂದ ಅಮರಗುಂಡಪ್ಪನ ಕೂಗು ಬಂತು. "ಏ ಅಂಜಲಿ, ಸಸಿ ತಾರಬೇ. ಹೊತ್ತು ಏರಾಕತ್ತೈತಿ." ಹೆಂಗಸರು ಡಬ್ಬಿ ತೊಳೆದಿಟ್ಟು ಒಬ್ಬೊಬ್ಬರಾಗಿ ಕೆಸರಿಗೆ ಇಳಿಯುತ್ತಿದ್ದರು. ಅಂಜಲಿ ಮೂಗು ಒರೆಸಿಕೊಂಡು ಅಭ್ಯಾಸಬಲದಿಂದ ಡ್ರಮ್ಮಿನತ್ತ ಬಗ್ಗಿದಳು. ಅತೀಯಾ ಅವಳ ಮುಂಗೈ ಹಿಡಿದಳು. ಅಂಜಲಿ ಕೊಸರಿದಳು. ಅತೀಯಾ ಬಿಡಲಿಲ್ಲ. ಮಾತು ಕೊಟ್ಟಿದ್ದರಿಂದ ಬಾಯಿ ಬಿಡುವಂತಿರಲಿಲ್ಲ, ಹಿಡಿತ ಬಿಟ್ಟರೆ ಆ ಕೈ ಮತ್ತೆ ಡ್ರಮ್ಮಿಗೆ ಹೋಗುತ್ತಿತ್ತು. ಹೀಗೆ ಒಂದು ಕೈಗಾಗಿ ಇಬ್ಬರೂ ಜಗ್ಗಾಡುತ್ತಿರುವಾಗ ಪಾರ್ವತೆಮ್ಮ ಹತ್ತಿರ ಬಂದಿದ್ದಳು.

"ಏನ್ ನಡಸೀರಿ ಇಬ್ಬರೂ?" ಎಂದವಳು ಅಲ್ಲೇ ನಿಂತಳು. ಅಂಜಲಿಯ ಒಂದು ಕೈ ಅತೀಯಾಳ ಹಿಡಿತದಲ್ಲಿತ್ತು. ಇನ್ನೊಂದು ಹೊಟ್ಟೆಯ ಮೇಲಿತ್ತು. ಐದು ಹೆತ್ತು ಎರಡನ್ನು ಮಣ್ಣು ಮಾಡಿದ ಹೆಂಗಸು ಪಾರ್ವತೆಮ್ಮ. ಆ ಕೈಯನ್ನು ನೋಡಿದಳು, ಡ್ರಮ್ಮನ್ನು ನೋಡಿದಳು, ಮತ್ತೆ ಆ ಕೈಯನ್ನು ನೋಡಿದಳು.

"ಸಾಬೂನ ಐತೇನು ನಿನ್ನ ಚೀಲದಾಗ?" ಎಂದಳು ಅತೀಯಾಳಿಗೆ.

ಅತೀಯಾ ತೆಗೆದುಕೊಟ್ಟಳು. ಪಾರ್ವತೆಮ್ಮ ಕುಡಿಯುವ ನೀರಿನ ಕೊಡ ತರಿಸಿ, ಅಂಜಲಿಯ ಎರಡೂ ಕೈಗಳನ್ನು ಮೊಣಕೈ ಮೇಲಿನವರೆಗೆ ತಿಕ್ಕಿ ತಿಕ್ಕಿ ತೊಳೆದಳು. ಒಮ್ಮೆ ತೊಳೆದು ಮೂಸಿ ನೋಡಿದಳು. ಮತ್ತೆ ತೊಳೆದಳು. ತನ್ನ ಸೆರಗಿನಿಂದ ಒರೆಸಿದಳು. ಅಂಜಲಿ ಮದುಮಗಳಂತೆ ತಲೆ ತಗ್ಗಿಸಿ ಕೂತಿದ್ದಳು. ತೊಳೆದು ಮುಗಿದ ಮೇಲೆ ಪಾರ್ವತೆಮ್ಮ ಅವಳ ತೋಳು ಹಿಡಿದು ನಡೆಸಿಕೊಂಡು ಹೋಗಿ, ಗದ್ದೆಯ ಈ ಕಡೆಯ ಬದುವಿನ ಮೇಲೆ ನೆರಳಿಗೆ ಕೂರಿಸಿದಳು.

"ಪಾರ್ವತೆಮ್ಮ, ಸಸಿ?" ಎಂದು ಅಮರಗುಂಡಪ್ಪ ಮತ್ತೆ ಕೂಗಿದ.

"ಅಂಜಲಿ ಅದ್ದಂಗಿಲ್ಲ ಇನ್ನ. ನಾವ್ಯಾರೂ ಅದ್ದಂಗಿಲ್ಲ. ಎಣ್ಣಿ ಹತ್ತಲೇಬೇಕಂದ್ರ ನೀವಽ ಬಂದು ಅದ್ದಿ ಕೊಡ್ರಿ ಗೌಡ್ರ."

ಅಮರಗುಂಡಪ್ಪ ಬದು ದಾಟಿ ಬಂದ. ಡ್ರಮ್ಮಿನ ಬಳಿ ನಿಂತು ಬಗ್ಗಿ ನೋಡಿದ. ಎಣ್ಣಿಯ ವಾಸನೆಗೆ ಟವೆಲ್ಲನ್ನು ಮೂಗಿಗೆ ಹಿಡಿದುಕೊಂಡ. ಕೈ ಮಾತ್ರ ಹಾಕಲಿಲ್ಲ. ಸ್ವಲ್ಪ ಹೊತ್ತು ಏನೇನೋ ಗೊಣಗಿ, "ಇವತ್ತೊಂದಿನ ಹಂಗಽ ಹಚ್ರಿ. ನಾಳಿಗಿ ಯಾರನ್ನರ ನೋಡತೀನಿ," ಎಂದು ಹೋದ. ನಾಳೆ ಸಿಗುವ ಆ ಯಾರೋ ಯಾರು? ಅದನ್ನು ಕೇಳಲು ಬಾಯಿ ತೆರೆದ ಅತೀಯಾಳಿಗೆ ಪಾರ್ವತೆಮ್ಮ, "ನಾಳಿದು ನಾಳಿಗಿ," ಎಂದಳು.

ಎಣ್ಣಿಗೆ ಅದ್ದದ ಕಟ್ಟುಗಳನ್ನು ಇಬ್ಬರು ಹೊತ್ತು ಕೆಸರಿಗೆ ಎಸೆದರು. ಪೀರ್‌ಬೀ ನಡು ಬಾಗಿಸುವ ಮುಂಚೆ ಈ ಕಡೆ ಕತ್ತು ಚಾಚಿ, "ಅಂಜಲಿಗಿ ಏನಾತು?" ಎಂದು ಕೇಳಿದಳು.

"ಜ್ವರ ಬಂದೈತಿ," ಎಂದಳು ಪಾರ್ವತೆಮ್ಮ. ಕೆಸರಿಗೆ ಇಳಿದು, ಸೀರೆ ಎತ್ತಿ ಕಟ್ಟಿ, ಎಲ್ಲರಿಗೂ ಕೇಳುವಂತೆ ಮತ್ತೊಂದು ಮಾತು ಹೇಳಿದಳು. "ಯಾರೂ ಆಕಿ ಕಡಿ ನೋಡಬ್ಯಾಡ್ರಿ."

ಜ್ವರ ಬಂದವಳನ್ನು ನೋಡಬಾರದು ಎಂದು ಯಾವ ಊರಲ್ಲೂ ಇಲ್ಲ. ಪೀರ್‌ಬೀಯ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಆಮೇಲೆ ಅವಳು ತಟಕ್ಕನೆ ಮುಖ ತಿರುಗಿಸಿ ಬಗ್ಗಿದಳು. ಅವಳ ಹಿಂದೆ ಒಬ್ಬೊಬ್ಬರೇ ಬಗ್ಗಿದರು. ಯಾರೂ ಹಾಡಲಿಲ್ಲ, ಯಾರೂ ಚೇಷ್ಟೆ ಮಾಡಲಿಲ್ಲ. ಒಬ್ಬಳು ಮೊಣಕೈಯಿಂದ ಕಣ್ಣು ಒರೆಸಿಕೊಂಡದ್ದು ಅತೀಯಾಳಿಗೆ ಕಂಡಿತು.

ಅಂಜಲಿ ಸೆರಗನ್ನು ಬಿಚ್ಚಿ ಹೊಟ್ಟೆಯ ಮೇಲೆ ಎರಡು ಸುತ್ತು ಹೊದ್ದುಕೊಂಡಳು. ನಾಟಿಯವರು ಮುಂದೆ ಸಸಿ ಹಚ್ಚುತ್ತ ಹಿಂದೆ ಹಿಂದೆ ಸರಿಯುತ್ತಾರೆ. ಆ ಬಾಗಿದ ಬೆನ್ನುಗಳ ಸಾಲು ಕೆಸರಿನಲ್ಲಿ ಒಂದೊಂದೇ ಹೆಜ್ಜೆ ಹಿಂದೆ ಇಡುತ್ತ ಅವಳು ಕೂತ ಬದುವಿನ ಕಡೆಗೇ ಬರತೊಡಗಿತು. ಹತ್ತಿರ, ಇನ್ನೂ ಹತ್ತಿರ. ಒಬ್ಬರೂ ತಿರುಗಿ ನೋಡಲಿಲ್ಲ.